ಮಗುವಿನ ಕಡತ ಯಾಕೆ ಬರೆಯಬೇಕು?

ಕಾರ್ಯಕರ್ತರ ತಿಂಗಳ ಸಭೆಯಲ್ಲಿ ಕಾಗದಪತ್ರದ ಮಾತು ಬಂದ ಕೂಡಲೇ ಕೆಲವರ ಮುಖ ಸಣ್ಣದಾಗುತ್ತದೆ. “ಮಕ್ಕಳನ್ನು ನೋಡಿಕೊಳ್ಳೋದಾ, ಇಲ್ಲ ಫಾರಂ ತುಂಬ್ತಾ ಕೂರೋದಾ?” ಎಂದು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ನಾವೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡವರು. ಆ ಅಭಿಪ್ರಾಯ ಬದಲಾದದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂಬತ್ತು ವರ್ಷದ ಒಬ್ಬ ಹುಡುಗಿ ಮಕ್ಕಳ ಮನೆಗೆ ಬಂದಳು. ತಾಯಿ ತೀರಿಹೋಗಿದ್ದರು, ತಂದೆ ಕೂಲಿಗೆ ಹೋದವರು ವಾಪಸು ಬಂದಿರಲಿಲ್ಲ. ಆಕೆಯ ವರದಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಸಂಬಂಧಿಕರು ಎಂಬ ಕಾಲಂನಲ್ಲಿ “ಯಾರೂ ಇಲ್ಲ” ಎಂದು ಬರೆದೆವು. ಪಕ್ಕದ ಮನೆಯವರು ಹಾಗೆ ಹೇಳಿದ್ದರು, ಅಷ್ಟೇ. ಮುಂದಿನ ವರದಿಯಲ್ಲಿ ಅದನ್ನೇ ನಕಲು ಮಾಡಿದೆವು. ಅದರ ಮುಂದಿನದರಲ್ಲೂ ಅದೇ. ಮೂರು ವರ್ಷ ಕಳೆದ ಮೇಲೆ ಹೊಸದಾಗಿ ಸೇರಿದ ಕಾರ್ಯಕರ್ತೆಯೊಬ್ಬರು ಜಗಲಿಯಲ್ಲಿ ಕೂತು, “ಮೊದಲು ರಜೆಯಲ್ಲಿ ಯಾರ ಮನೆಗೆ ಹೋಗ್ತಿದ್ದೆ ಪುಟ್ಟಿ?” ಎಂದು ಕೇಳಿದರು. “ದೊಡ್ಡಮ್ಮನ ಮನೆಗೆ” ಎಂದಳು. ದೊಡ್ಡಮ್ಮ ಇದ್ದದ್ದು ಎರಡು ತಾಲ್ಲೂಕು ಆಚೆ. ಮಗು ಅಪ್ಪನ ಜೊತೆಗಿದೆ ಎಂದೇ ಅವರು ನಂಬಿದ್ದರು. ಆ ಮೂರು ವರ್ಷವನ್ನು ನಾವು ಯಾರೂ ಆಕೆಗೆ ಹಿಂದಿರುಗಿಸಲು ಆಗುವುದಿಲ್ಲ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇವೆ. ಯಾಕೆಂದು ಮುಂದೆ ಬರುತ್ತದೆ.)

ಈಗ ಕಾನೂನಿನ ವಿಷಯಕ್ಕೆ ಬರೋಣ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015, ಜನವರಿ 15, 2016ರಿಂದ ಜಾರಿಯಲ್ಲಿದೆ. 2021ರಲ್ಲಿ ಆದ ತಿದ್ದುಪಡಿ ಸೆಪ್ಟೆಂಬರ್ 1, 2022ರಿಂದ ಜಾರಿಗೆ ಬಂದಿದೆ. ಈ ಕಾಯ್ದೆಯ 3ನೇ ಕಲಂನಲ್ಲಿ ಕೆಲವು ತತ್ವಗಳನ್ನು ಹೇಳಿದ್ದಾರೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಉಳಿದ ಫಾರಂ, ಗಡುವು, ವರದಿ ಎಲ್ಲವನ್ನೂ ಈ ಒಂದು ಮಾತಿನ ಬೆಳಕಿನಲ್ಲಿ ಓದಿದರೆ ಅರ್ಥವಾಗುತ್ತದೆ. ಮಗು ಯಾಕೆ ಮನೆಯಲ್ಲಿಲ್ಲ, ಯಾವಾಗ ಮನೆಗೆ ಹೋಗಬಹುದು ಎಂದು ಸರಕಾರ ಮತ್ತೆ ಮತ್ತೆ ಕೇಳುತ್ತಿದೆ, ಅಷ್ಟೇ.

ಒಂಟಿಯಾಗಿ ಒಂದು ಮಗು ಸಿಕ್ಕಿತು ಅಂದುಕೊಳ್ಳಿ. ಸಿಕ್ಕಿದವರು ಯಾರೇ ಆಗಲಿ, 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ, ಹತ್ತಿರದ ಪೊಲೀಸ್ ಠಾಣೆಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ತಿಳಿಸದಿದ್ದರೆ ಅದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. “ಪಾಪ, ನಮ್ಮ ಮನೇಲೇ ಇರಲಿ ಬಿಡಿ” ಎಂದು ಒಳ್ಳೆಯ ಮನಸ್ಸಿನಿಂದ ಇಟ್ಟುಕೊಳ್ಳುವವರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅವರಿಗೆ ಇದನ್ನು ಮೆತ್ತಗೆ ತಿಳಿಸಿ ಹೇಳಬೇಕು. ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಲಿಕ್ಕೂ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೇ ಗಡುವು.

ಸಮಿತಿ ಆಮೇಲೆ ಸಾಮಾಜಿಕ ತನಿಖೆಗೆ ಆದೇಶ ಕೊಡುತ್ತದೆ. ಇದನ್ನು 15 ದಿನದೊಳಗೆ ಮುಗಿಸಬೇಕು. ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡುವುದಕ್ಕೆ ಈ ವರದಿಯೇ ಆಧಾರ. 2016ರ ಮಾದರಿ ನಿಯಮಗಳಲ್ಲಿ ಇದಕ್ಕೆ 22ನೇ ನಮೂನೆ ಇದೆ. ನಾವು “ಯಾರೂ ಇಲ್ಲ” ಎಂದು ಬರೆದು ಕೈತೊಳೆದುಕೊಂಡ ಕಾಗದ ಇದೇ. ಈ ತನಿಖೆಗೆ ಹೋಗುವವರು ಮನೆಯ ಬಾಗಿಲಿಗೆ ಹೋಗಿ ಬಂದರೆ ಸಾಲದು. ತಾಯಿಯ ಕಡೆಯವರು ಯಾರು, ತಂದೆಯ ಕಡೆಯವರು ಯಾರು, ಹಬ್ಬಕ್ಕೆ ಎಲ್ಲಿಗೆ ಹೋಗುತ್ತಿದ್ದರು, ಶಾಲೆಯ ದಾಖಲಾತಿಗೆ ಯಾರು ಸಹಿ ಹಾಕಿದ್ದಾರೆ, ಅಂಗನವಾಡಿ ಕಾರ್ಯಕರ್ತೆ ಏನು ಹೇಳುತ್ತಾರೆ, ಇಷ್ಟನ್ನಾದರೂ ಕೇಳಬೇಕು. ಎಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಬೇಕು. ನಮ್ಮ ಅನುಭವದಲ್ಲಿ ಅಂಗನವಾಡಿಯ ಅಕ್ಕನಿಗೆ ಗೊತ್ತಿರುವಷ್ಟು ಊರಿನ ಸಂಬಂಧಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಮಗು ಸಂಸ್ಥೆಯಲ್ಲಿ ಉಳಿಯಬೇಕಾಗಿ ಬಂದರೆ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು. ಅದು 7ನೇ ನಮೂನೆ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆಯ ಬಗ್ಗೆ ನಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೇ 5, 2017ರಂದು ತೀರ್ಪು ಕೊಟ್ಟಿತು. ಸಂಸ್ಥೆಯಲ್ಲಿರುವ ಪ್ರತಿ ಮಗುವಿಗೂ ಇಂಥ ಯೋಜನೆ ಇರಲೇಬೇಕು ಎಂದು ಹೇಳಿ, ಆ ವರ್ಷದ ಡಿಸೆಂಬರ್ 31ರ ಗಡುವು ಹಾಕಿತು. ಐವತ್ತು ಮಕ್ಕಳಿದ್ದರೆ ಐವತ್ತು ಯೋಜನೆ. ಐವತ್ತು ಜೆರಾಕ್ಸ್ ಅಲ್ಲ.

ಈ ನಮೂನೆಯನ್ನು ಒಮ್ಮೆ ಬಿಡುವಾಗಿ ಓದಿ ನೋಡಿ. ಮಗುವಿಗೆ ನಮ್ಮಿಂದ ಏನು ನಿರೀಕ್ಷೆ ಇದೆ ಎಂದು ಅದು ಕೇಳುತ್ತದೆ. ಆಮೇಲೆ ಆರೋಗ್ಯ ಮತ್ತು ಆಹಾರ, ಮನಸ್ಸಿನ ನೋವಿಗೆ ಬೇಕಾದ ಆಸರೆ, ಓದು ಮತ್ತು ತರಬೇತಿ, ಆಟ ಮತ್ತು ಬಿಡುವು, ಯಾರ ಮೇಲೆ ಪ್ರೀತಿ ಇದೆ, ಧಾರ್ಮಿಕ ನಂಬಿಕೆ, ದೌರ್ಜನ್ಯದಿಂದ ತನ್ನನ್ನು ಕಾಪಾಡಿಕೊಳ್ಳುವ ತಿಳಿವಳಿಕೆ, ಮುಂದೆ ಸ್ವಂತ ಕಾಲ ಮೇಲೆ ನಿಲ್ಲುವ ಕೌಶಲ್ಯ, ಹೀಗೆ ಒಂದೊಂದನ್ನೇ ಕೇಳುತ್ತದೆ. ಪ್ರತಿಯೊಂದರ ಎದುರಿಗೆ, ತೊಂದರೆ ಏನು, ನೀವು ಏನು ಮಾಡುತ್ತೀರಿ ಎಂದು ಬರೆಯಲು ಜಾಗ ಇದೆ. ಹೆತ್ತ ತಾಯಿ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಲೆಕ್ಕವನ್ನು ಇಲ್ಲಿ ಕಾಗದದ ಮೇಲೆ ಕೇಳಿದ್ದಾರೆ. ಧಾರ್ಮಿಕ ನಂಬಿಕೆ ಎಂಬಲ್ಲಿ ಮಗುವಿನ ನಂಬಿಕೆಯನ್ನು ಬರೆಯಬೇಕು, ನಡೆಸುವವರದ್ದಲ್ಲ. ಇದನ್ನು ನಾವು ನಮ್ಮವರಿಗೇ ಹೇಳಿಕೊಳ್ಳುತ್ತಿದ್ದೇವೆ.

ಪ್ರಗತಿ ವರದಿಯನ್ನು ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರೆಯಬೇಕು. ಬಿಡುಗಡೆಗೆ 15 ದಿನ ಮೊದಲು ಇನ್ನೊಂದು ವರದಿ. ಮನೆಗೆ ಹೋದ ಮೇಲೂ ಮತ್ತೊಂದು. ಇಲ್ಲಿ ನಾವು ಮಾಡುವ ದೊಡ್ಡ ತಪ್ಪು ಎಂದರೆ “ಚೆನ್ನಾಗಿದ್ದಾಳೆ, ಹೊಂದಿಕೊಂಡಿದ್ದಾಳೆ” ಎಂಬ ಎರಡು ಪದ. ಇದರಿಂದ ಸಮಿತಿಗೆ ಏನೂ ತಿಳಿಯುವುದಿಲ್ಲ. “ರಾತ್ರಿ ನಿದ್ದೆಯಲ್ಲಿ ಎದ್ದು ಕೂರುವುದು ವಾರಕ್ಕೆ ನಾಲ್ಕು ಸಲ ಇತ್ತು, ಈಗ ಒಂದು ಸಲ” ಎಂದು ಬರೆದರೆ ತಿಳಿಯುತ್ತದೆ. “ಗಣಿತದಲ್ಲಿ ಕಳೆಯುವ ಲೆಕ್ಕ ಬರುತ್ತಿಲ್ಲ” ಎಂದರೂ ತಿಳಿಯುತ್ತದೆ. ಶುದ್ಧ ಬರವಣಿಗೆ ಬೇಕಿಲ್ಲ. ನೋಡಿದ್ದನ್ನು ಬರೆದರೆ ಸಾಕು.

ನೋಂದಣಿ ಬಗ್ಗೆಯೂ ಒಂದು ಮಾತು. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ, ಸರಕಾರದ ಅನುದಾನ ಪಡೆಯಲಿ ಬಿಡಲಿ, 41ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು. ದಾನಿಗಳ ಹಣದಲ್ಲಿ ನಡೆಯುತ್ತದೆ, ನಮಗ್ಯಾಕೆ ಎನ್ನುವ ಹಾಗಿಲ್ಲ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು. ಆ ತಂಡದಲ್ಲಿ ಕನಿಷ್ಠ ಮೂವರು ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ ಇರಬೇಕು. ಬರುತ್ತಾರೆಂದು ಸುದ್ದಿ ತಿಳಿದ ದಿನ ಕಡತ ತುಂಬಲು ಕೂರುವುದು ಎಲ್ಲ ಕಡೆಯೂ ಇರುವ ಚಾಳಿ. ಒಂದೇ ಪೆನ್ನಿನಲ್ಲಿ ಒಂದೇ ಅಕ್ಷರದಲ್ಲಿ ಆರು ತಿಂಗಳ ವರದಿ ಇದ್ದರೆ ನೋಡುವವರಿಗೂ ಗೊತ್ತಾಗುತ್ತದೆ.

ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ? ಮಕ್ಕಳ ಕಲ್ಯಾಣ ಸಮಿತಿ ತನ್ನ ಮುಂದೆ ಬಂದ ಪ್ರಕರಣ ಎಷ್ಟು, ಬಾಕಿ ಎಷ್ಟು ಎಂದು ಮೂರು ತಿಂಗಳಿಗೊಮ್ಮೆ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ವರದಿ ಕೊಡಬೇಕು. ಜಿಲ್ಲೆಯ ಲೆಕ್ಕ ರಾಜ್ಯಕ್ಕೆ ಹೋಗುತ್ತದೆ. ರಾಜ್ಯ ತನ್ನ ವಾರ್ಷಿಕ ಯೋಜನೆಯನ್ನು ಮಿಷನ್ ವಾತ್ಸಲ್ಯದ ಅಡಿಯಲ್ಲಿ ಕೇಂದ್ರದ ಮಂಡಳಿಯ ಮುಂದೆ ಇಡುತ್ತದೆ. ಕರ್ನಾಟಕದಂಥ ರಾಜ್ಯಗಳಿಗೆ ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ನಮ್ಮ ಹಳ್ಳಿಯ ಮಗು ಯಾವ ಕಡತದಲ್ಲೂ ಇಲ್ಲವಾದರೆ ಈ ಲೆಕ್ಕದಲ್ಲೂ ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಹಣ ಬರುವುದಿಲ್ಲ.

ಹಣ ಎಂದೆವು. ಸಂಘದ ಅಕ್ಕಂದಿರು ಈ ಭಾಗವನ್ನು ಮುಖ್ಯವಾಗಿ ಓದಬೇಕು. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ಸಹಾಯ ಇದೆ. ತಿಂಗಳಿಗೆ ಒಂದು ಮಗುವಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟುಹೋಗಿದ್ದರೆ, ತಂದೆತಾಯಿ ಇಲ್ಲದ ಮಗು ಅಜ್ಜಿ, ಚಿಕ್ಕಮ್ಮನ ಹತ್ತಿರ ಇದ್ದರೆ, ಹೆತ್ತವರಿಗೆ ಪ್ರಾಣಾಪಾಯದ ಕಾಯಿಲೆ ಇದ್ದರೆ ಕೇಳಬಹುದು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಬಡತನದ ಕಾರಣಕ್ಕೇ ಮಗುವನ್ನು ಹಾಸ್ಟೆಲ್‌ಗೆ, ಆಶ್ರಮಕ್ಕೆ ಬಿಡಲು ಹೊರಟ ತಾಯಿಗೆ ಇದನ್ನು ಮೊದಲು ತಿಳಿಸಬೇಕು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅವರು ಮನೆಗೆ ಬಂದು ನೋಡುತ್ತಾರೆ, ಆ ಮೇಲೆ ಒಪ್ಪಿಗೆ ಸಮಿತಿ ತೀರ್ಮಾನ ಮಾಡುತ್ತದೆ. ಮಗು ಶಾಲೆಗೆ ಸರಿಯಾಗಿ ಹೋಗುತ್ತಿದೆಯೇ ಎಂದು ಆಮೇಲೂ ನೋಡುತ್ತಾರೆ. ಮನೆ ನೋಡಲು ಬಂದಾಗ ಟಿವಿ ಬಚ್ಚಿಡುವುದು, ಇರುವ ಅಣ್ಣನನ್ನು ಇಲ್ಲ ಎನ್ನುವುದು ಬೇಡ. ಸುಳ್ಳು ಸಿಕ್ಕಿದರೆ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ.

ಇನ್ನು ಮೇಲೆ ಹೇಳಿದ ಗುರುತಿನ ವಿಷಯ. 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಪತ್ರಿಕೆಯಲ್ಲಾಗಲಿ ಬೇರೆಲ್ಲಾಗಲಿ ಹಾಕುವಂತಿಲ್ಲ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ದಾನಿಗಳಿಗೆ ತೋರಿಸಲಿಕ್ಕೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವವರು ಇದನ್ನು ಎರಡು ಸಲ ಓದಿ.

ಆ ಹುಡುಗಿ ಈಗ ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಹೋಗುವ ಮೊದಲು ಬರೆದ ವರದಿಯಲ್ಲಿ ಸಂಬಂಧಿಕರ ಕಾಲಂನಲ್ಲಿ ಜಾಗ ಸಾಲದೆ ಹಿಂದಿನ ಪುಟಕ್ಕೆ ಹೋಗಬೇಕಾಯಿತು. ದೊಡ್ಡಮ್ಮ, ದೊಡ್ಡಪ್ಪ, ಇಬ್ಬರು ಅಣ್ಣಂದಿರು, ಒಬ್ಬ ಅಜ್ಜಿ.