ಕನ್ನಡಿ ಮುಟ್ಟುವ ಮುನ್ನ

ವ್ಯೂಫೈಂಡರ್‌ನಲ್ಲಿ ಕಾಣುವ ಕಸ ಫೋಟೋದಲ್ಲಿ ಬರುವುದಿಲ್ಲ. ಇಷ್ಟನ್ನು ನಮ್ಮ ಬಾವನವರಿಗೆ ಎಷ್ಟು ಸಲ ಹೇಳಿದ್ದೆನೋ. ಫೋಟೋದಲ್ಲಿ ಬರುವುದು ಸೆನ್ಸರ್ ಮೇಲೆ ಕೂತ ಧೂಳು. ಅದಿದೆಯೋ ಇಲ್ಲವೋ ತಿಳಿಯಬೇಕಾದರೆ ಅಪರ್ಚರ್ ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ್ದೋ ಬಿಳಿ ಗೋಡೆಯದೋ ಒಂದು ಚಿತ್ರ ತೆಗೆದು ನೋಡಿದರಾಯಿತು. ಕ್ಯಾಮೆರಾದ ಒಳಗಿನ ಕನ್ನಡಿಯ ಮೇಲಿನ ಧೂಳು, ಅದರ ಮೇಲ್ಗಡೆ ಬಿಂಬ ಮೂಡುವ ಫೋಕಸಿಂಗ್ ಸ್ಕ್ರೀನಿನ ಧೂಳು ಬರೀ ಕಣ್ಣಿಗೆ ಕಿರಿಕಿರಿ. ಬಟನ್ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಚಿತ್ರಕ್ಕೂ ಅದಕ್ಕೂ ಸಂಬಂಧ ಅಲ್ಲಿಗೆ ಮುಗಿಯಿತು. ಹಳೆಯ ಡಿಎಸ್‌ಎಲ್‌ಆರ್ ಇಟ್ಟುಕೊಂಡು ಅದಕ್ಕಿಂತ ಹಳೆಯ ಲೆನ್ಸ್ ಹಾಕಿ ತೆಗೆಯುವವರು ಬೆಂಗಳೂರಲ್ಲಿ ಇನ್ನೂ ಇದ್ದಾರೆ. ಅವರ ಕ್ಯಾಮೆರಾವಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಆರಿಲ್ಲ.

ನನ್ನದು 2005ರ ಕ್ಯಾನನ್ 5ಡಿ, ಸೆಕೆಂಡ್ ಹ್ಯಾಂಡ್. ಅದಕ್ಕೆ ಹಾಕುವುದು ಅಪ್ಪನ ಸೂಪರ್ ಟಾಕುಮಾರ್ 50 ಎಂಎಂ, ಎಫ್/1.4. ಅಪ್ಪ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದವರು. ಪ್ರತಿ ಸೆಪ್ಟೆಂಬರ್ ಶಿವಾಜಿನಗರದ ಸೇಂಟ್ ಮೇರಿ ಹಬ್ಬಕ್ಕೆ ಹೋಗಿ ರಥ ತೆಗೆದು, ಎಂ.ಜಿ. ರಸ್ತೆಯ ಸ್ಟುಡಿಯೋ ಜಿ.ಕೆ. ವೇಲ್‌ನಲ್ಲಿ ಪ್ರಿಂಟ್ ಹಾಕಿಸಿ ತರುತ್ತಿದ್ದರು. ಅದೇ ಗಾಜಿನಲ್ಲಿ ಅದೇ ರಥ ತೆಗೆಯಬೇಕು ಎನ್ನುವುದು ನನ್ನ ಹಟ.

ಲೆನ್ಸ್ ಕೂರುವುದೇನೋ ಸಲೀಸು. ಟಾಕುಮಾರ್ ತಿರುಪಿನ ಲೆನ್ಸ್. ಅದರ ಮೌಂಟಿನಿಂದ ಫಿಲ್ಮಿಗೆ 45.46 ಮಿ.ಮೀ. ಇರಬೇಕು. ಕ್ಯಾನನ್‌ನಲ್ಲಿ ಆ ದೂರ 44 ಮಿ.ಮೀ. ಉಳಿದ ಒಂದೂವರೆ ಮಿ.ಮೀ. ಜಾಗಕ್ಕೆ ತೆಳ್ಳಗಿನ ಅಡಾಪ್ಟರ್ ಬಳೆ ಸರಿಯಾಗಿ ಹಿಡಿಯುತ್ತದೆ. ನಿಕಾನ್‌ನಲ್ಲಿ ಆ ದೂರವೇ 46.5 ಮಿ.ಮೀ., ಹಾಗಾಗಿ ನಡುವೆ ಬೇರೆ ಗಾಜಿಲ್ಲದೆ ದೂರದ ಫೋಕಸ್ ಸಿಗುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಫುಲ್ ಫ್ರೇಮ್ ಕ್ಯಾಮೆರಾದ ಕನ್ನಡಿ ದೊಡ್ಡದು. ದೂರಕ್ಕೆ ಫೋಕಸ್ ತಿರುಗಿಸಿದಂತೆ ಈ ಲೆನ್ಸಿನ ಹಿಂಭಾಗ ಒಳಕ್ಕೆ ಸರಿಯುತ್ತದೆ. ಮೇಲೇಳುವ ಕನ್ನಡಿಯ ಮುಂದಿನ ಅಂಚು ಅದಕ್ಕೆ ಬಡಿದು ಸಿಕ್ಕಿಕೊಳ್ಳುತ್ತದೆ. ಪರದೆಯಲ್ಲಿ ‘ಎರರ್ 99’. ಒಂದು ವರ್ಷ ಹಬ್ಬದಲ್ಲಿ ಹತ್ತಿರದ ಮುಖಗಳು, ಮೇಣದಬತ್ತಿಗಳು ಎಲ್ಲ ಬಂದವು. ರಥ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡಾಗ ಕನ್ನಡಿ ಸಿಕ್ಕಿಬಿತ್ತು, ಕಾವಿ ಉಟ್ಟ ಜನರ ನಡುವೆ ನಿಂತು ಬ್ಯಾಟರಿ ತೆಗೆದು ಹಾಕುತ್ತಲೇ ಇದ್ದೆ. ರಥ ಮುಂದೆ ಹೋಯಿತು.

“ಮಿರರ್‌ಲೆಸ್ ತಗೊಂಡುಬಿಡು” ಎಂದರು ಎಲ್ಲರೂ, ಬಾವನವರಂತೂ ಮೊದಲು. ಅದರಲ್ಲಿ ಕನ್ನಡಿಯೇ ಇಲ್ಲ, ಬಡಿಯುವ ಪ್ರಶ್ನೆಯೂ ಇಲ್ಲ, ನಿಜ. ಆದರೆ ಅದರಲ್ಲಿ ಕಾಣುವುದು ಪುಟ್ಟ ಟಿವಿ. ನನಗೆ ದೀಪವನ್ನು ದೀಪವಾಗಿಯೇ, ಗಾಜಿನ ಮೂಲಕ ನೋಡಬೇಕು. ಅಲ್ಲದೆ ಈ ಟಾಕುಮಾರ್ ಮಾಡಿದ ಅಸಾಹಿಯವರೇ 1954ರಲ್ಲಿ, ಚಿತ್ರ ತೆಗೆದ ಮೇಲೆ ತಾನಾಗಿ ಕೆಳಗಿಳಿಯುವ ಕನ್ನಡಿಯನ್ನು ತಮ್ಮ ಕ್ಯಾಮೆರಾದಲ್ಲಿ ತಂದವರು. ಅವರ ಗಾಜಿಗೆ ಕನ್ನಡಿಯಿರುವ ಕ್ಯಾಮೆರಾವೇ ಸರಿ ಎಂದು ನಾನು ಈಗಲೂ ನಂಬಿದ್ದೇನೆ.

ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕ್ಯಾಮೆರಾ ರಿಪೇರಿಯ ಚಾಚಾ ಒಬ್ಬರಿದ್ದಾರೆ. ಕನ್ನಡಿಯ ಮುಂದಂಚನ್ನು ಒಂದು ಮಿ.ಮೀ.ಗಿಂತ ತುಸು ಹೆಚ್ಚು ಸವೆಸಬೇಕು ಎಂದಾಗ ಅವರು ನಗಲಿಲ್ಲ. ಅಂಟು ಬಿಡಿಸಿ ಗಾಜನ್ನು ಹೊರತೆಗೆದರು. ಲೇಪ ಮೇಲೆ ಬರುವಂತೆ ಅಂಚಿನಲ್ಲೇ ಹಿಡಿದು, ನೀರು ತೊಟ್ಟಿಕ್ಕಿಸುತ್ತಾ ನುಣ್ಣನೆಯ ಉಜ್ಜುಕಾಗದದ ಮೇಲೆ ತಿಕ್ಕಿದರು. ಆತುರವೇ ಇಲ್ಲ. “ಕಡಿಮೆ ತೆಗೆದರೆ ಇನ್ನೊಂದು ಸಲ ತೆಗೀಬಹುದು ಮೇಡಂ, ಜಾಸ್ತಿ ಹೋದರೆ ಯಾರು ಕೊಡ್ತಾರೆ?” ನಿಜವಾದ ಕಷ್ಟ ಮತ್ತೆ ಅಂಟಿಸುವಾಗ. ಲೆನ್ಸಿನಿಂದ ಕನ್ನಡಿ ತಾಗಿ ಸ್ಕ್ರೀನಿಗೆ ಹೋಗುವ ದೂರ, ಲೆನ್ಸಿನಿಂದ ಸೆನ್ಸರ್‌ಗೆ ಇರುವ ದೂರ, ಎರಡೂ ಒಂದೇ ಆಗಿರಬೇಕು. ಅಂಟು ಒಂದು ಪಕ್ಕಕ್ಕೆ ದಪ್ಪವಾದರೆ ಕಣ್ಣಿಗೆ ಸ್ಪಷ್ಟವಾದದ್ದು ಚಿತ್ರದಲ್ಲಿ ಮಸುಕು. ಒಣಗಿದ ಮೇಲೆ ಮೇಜಿನ ಮೇಲೆ ದಿನಪತ್ರಿಕೆ ಓರೆಯಾಗಿ ಹಾಸಿ, ಎಫ್/1.4ರಲ್ಲಿ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆದೆವು. ಅದೇ ಸಾಲು ಚೂಪಾಗಿ ಬಂತು. ವ್ಯೂಫೈಂಡರಿನ ಮೇಲಂಚು ಕೊಂಚ ಕಪ್ಪಾಗಿದೆ, ಅಷ್ಟೇ. ಚಿತ್ರದಲ್ಲಿ ಏನೂ ಕಡಿಮೆಯಾಗಿಲ್ಲ.

ಆಗಲೇ ಸ್ಕ್ರೀನನ್ನೂ ಬದಲಿಸಿದೆ. ಕ್ಯಾಮೆರಾದೊಂದಿಗೆ ಬರುವ ಇಇ-ಎ ಸ್ಕ್ರೀನ್ ಬೆಳ್ಳಗೆ ಕಾಣುತ್ತದೆ, ಆದರೆ ಎಫ್/1.4ರ ಫೋಕಸ್ ಎಲ್ಲಿ ನಿಂತಿದೆ ಎಂದು ಹೇಳುವುದಿಲ್ಲ. ಇಇ-ಎಸ್ ಸ್ಕ್ರೀನ್ ಸ್ವಲ್ಪ ಕತ್ತಲೆ, ಆದರೆ ನಿಜ ಹೇಳುತ್ತದೆ. ಹಾಕಿದ ಮೇಲೆ ಮೆನುವಿನಲ್ಲಿ ಯಾವ ಸ್ಕ್ರೀನ್ ಎಂದು ತಿಳಿಸಬೇಕು, ಇಲ್ಲದಿದ್ದರೆ ಮೀಟರ್ ತಪ್ಪುತ್ತದೆ. ತೆಗೆದ ಹಳೆಯದನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಅದೊಂದು ಪುಣ್ಯ.

ಸೇಂಟ್ ಮೇರಿ ಹಬ್ಬದ ಧ್ವಜ ಏರುವುದು ಆಗಸ್ಟ್ 29ಕ್ಕೆ, ರಥ ಸೆಪ್ಟೆಂಬರ್ 8ಕ್ಕೆ. ಕನ್ನಡಿ ಸವೆಸಿದ ವರ್ಷ ಗಣೇಶನ ಹಬ್ಬವೂ ಈ ನಡುವೆಯೇ ಬಿದ್ದಿತ್ತು. ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದ ಅಕ್ಕನ ಮನೆಗೆ ಹೋದೆ, ಕ್ಯಾಮೆರಾ ಜೊತೆಗಿತ್ತು. ದಿವಾನಿನ ಮೇಲೆ ಇಟ್ಟು ಅಡುಗೆಮನೆಯಲ್ಲಿ ಕಡುಬಿಗೆ ಹೂರಣ ತುಂಬುತ್ತಾ ಕೂತಿದ್ದೆ. ಹಾಲ್‌ನಿಂದ ಫುಸ್ ಫುಸ್ ಎಂದು ಏನೋ ಸಿಂಪಡಿಸಿದ ಸದ್ದು ಬಂತು. ದೇವರ ಮುಂದೆ ಪನ್ನೀರು ಚಿಮುಕಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಬಾವನವರ ದನಿ: “ನೋಡಮ್ಮ, ಎಷ್ಟು ಗಲೀಜಿತ್ತು ಒಳಗೆ, ನಾನೇ ಕ್ಲೀನ್ ಮಾಡಿದೆ.”

ಹಿಟ್ಟು ಕೈಯಲ್ಲೇ ಎದ್ದು ಹೋದೆ. ಲೆನ್ಸ್ ಬಿಚ್ಚಿ ಟೀಪಾಯಿ ಮೇಲೆ ಮಕಾಡೆ ಇಟ್ಟಿದ್ದರು. ಅವರ ಕೈಯಲ್ಲಿ ಕನ್ನಡಕಕ್ಕೆ ಹೊಡೆಯುವ ಸ್ಪ್ರೇ ಸೀಸೆ, ಇನ್ನೊಂದರಲ್ಲಿ ಅದೇ ಕನ್ನಡಕದ ಬಟ್ಟೆ, ಬಟ್ಟೆಯ ತುದಿ ಕ್ಯಾಮೆರಾದ ಬಾಯೊಳಗೆ. ಕಿತ್ತುಕೊಂಡು ಲೆನ್ಸ್ ಹಾಕಿ ಕಣ್ಣಿಗಿಟ್ಟೆ. ಎದುರಿನ ಕಿಟಕಿ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ಕಿಟಕಿಯ ಸರಳುಗಳ ಸುತ್ತ ಕಾಮನಬಿಲ್ಲಿನ ಬಣ್ಣ. ಮಧ್ಯದಲ್ಲಿ ಅರ್ಧಚಂದ್ರಾಕಾರದ ಗೀರುಗಳು, ಬಟ್ಟೆ ಹೋದ ದಾರಿ ಪೂರ್ತಿ ತೋರುತ್ತಿತ್ತು. ಲೆನ್ಸ್ ಮತ್ತೆ ಬಿಚ್ಚಿ, ಕ್ಯಾಮೆರಾ ತಿರುಗಿಸಿ ಕನ್ನಡಿ ನೋಡಿದೆ. ಅಪ್ಪನ ಲೆನ್ಸಿಗೋಸ್ಕರ ಅಷ್ಟು ಜೋಪಾನವಾಗಿ ಸವೆಸಿ ಕೂರಿಸಿದ ಆ ಅಂಚಿನಲ್ಲಿ ದ್ರವ ನಿಂತು ಒಳಗಿನ ಕಪ್ಪು ಸ್ಪಂಜಿಗೆ ಇಳಿಯುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ. “ಕನ್ನಡಿ ತಾನೆ?” ಎಂದರು ಬಾವ. “ಬಾವ, ಇದು ಗೋಡೆ ಕನ್ನಡಿಯಲ್ಲ” ಎನ್ನುವಾಗ ಗಂಟಲು ಕಟ್ಟಿತು. ಅಕ್ಕ ಬಂದು ನಡುವೆ ನಿಂತಳು.

ಗೋಡೆ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದೆ ಇರುತ್ತದೆ, ಎಷ್ಟು ಉಜ್ಜಿದರೂ ಗಾಜನ್ನೇ ಉಜ್ಜಿದಂತೆ. ಕ್ಯಾಮೆರಾದಲ್ಲಿ ಲೇಪ ಮುಂದೆ, ಬರಿಗಾಳಿಗೆ ತೆರೆದುಕೊಂಡು ಕೂತಿದೆ. ಹಿಂದಿದ್ದರೆ ಗಾಜಿನಿಂದೊಂದು, ಲೇಪದಿಂದೊಂದು ಎಂದು ಎರಡೆರಡು ಬಿಂಬ ಕಾಣುತ್ತಿದ್ದವು. ಕಾವಲೂರಿನ ವೇಣು ಬಾಪ್ಪು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕದ ಕನ್ನಡಿಗೂ ಅಲ್ಯೂಮಿನಿಯಂ ಲೇಪ ಮುಂದೆಯೇ. ಅಲ್ಲಿ ಲೇಪ ಹಳತಾದರೆ ನಿರ್ವಾತ ಪೆಟ್ಟಿಗೆಯಲ್ಲಿಟ್ಟು ಹೊಸದು ಹಾಕುತ್ತಾರೆ. ನನ್ನ ಕ್ಯಾಮೆರಾಕ್ಕೆ ಹಾಕುವವರು ಯಾರು? ಸ್ಕ್ರೀನಂತೂ ಗಾಜೂ ಅಲ್ಲ, ಪ್ಲಾಸ್ಟಿಕ್. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು, ದ್ರವ ಆ ಗೆರೆಗಳೊಳಗೆ ಕೂತರೆ ಮುಗಿಯಿತು.

ಒಂದು ರಿಪೇರಿ ಕೌಂಟರಿಗೆ ಹೋದೆ. ಅಲ್ಲಿನ ಹುಡುಗ ಕ್ಯಾಮೆರಾ ತೆರೆಯಲೂ ಇಲ್ಲ. “ಇಡೀ ಮಿರರ್ ಬಾಕ್ಸ್ ಚೇಂಜ್ ಆಗ್ಬೇಕು, ಪಾರ್ಟ್ಸ್ ಬರಲ್ಲ, ಎಕ್ಸ್‌ಚೇಂಜ್ ಹಾಕ್ಬಿಡಿ” ಎಂದು ಹೊಸ ಕ್ಯಾಮೆರಾದ ಬೆಲೆಪಟ್ಟಿ ಮುಂದೆ ಸರಿಸಿದ. ನೋಡದೇ ತೀರ್ಪು ಕೊಡುವವರಿಗೆ ವಸ್ತು ಒಪ್ಪಿಸಬೇಡಿ.

ಮತ್ತೆ ಚಾಚಾ ಅವರೇ. ಸ್ಕ್ರೀನ್ ನೋಡಿ ತಲೆಯಾಡಿಸಿದರು, ಅದು ಹೋಯಿತು. ಕನ್ನಡಿಗೆಂದು ಲೆನ್ಸ್ ಟಿಶ್ಯೂವನ್ನು ಸುರುಳಿ ಸುತ್ತಿ, ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಸುರುಳಿಯ ಭಾರವೊಂದೇ ಬೀಳುವಂತೆ ಒಂದೇ ದಿಕ್ಕಿಗೆ ಎಳೆದರು. ಒಂದು ಎಳೆತಕ್ಕೆ ಒಂದು ಸುರುಳಿ, ಆಮೇಲೆ ಅದು ಕಸಕ್ಕೆ. ಮಂಜು ಹೋಯಿತು, ಗೀರುಗಳು ಉಳಿದವು. ಎತ್ತಿಟ್ಟಿದ್ದ ಹಳೆಯ ಸ್ಕ್ರೀನ್ ಕೂರಿಸಿದರು. ಪತ್ರಿಕೆ ಹಾಸಿ ಮತ್ತೆ ಪರೀಕ್ಷೆ ಮಾಡಿದೆವು. ಫೋಕಸ್ ಕದಲಿರಲಿಲ್ಲ.

ಸೆಪ್ಟೆಂಬರ್ 8ರ ಸಂಜೆ ರಥ ಬಂತು. ಲೆನ್ಸ್ ಅನಂತದವರೆಗೆ ತಿರುಗಿತು, ಕನ್ನಡಿ ಎಲ್ಲೂ ತಡೆಯದೆ ಎದ್ದು ಇಳಿಯಿತು. ಇಇ-ಎಯಲ್ಲಿ ಫೋಕಸ್ ಊಹಿಸಿ ತೆಗೆದದ್ದರಿಂದ ಹತ್ತಿರದ ಮುಖಗಳು ಹಲವು ಕೈಕೊಟ್ಟವು. ರಥ ಮಾತ್ರ ದೀಪದ ಸಾಲಿನ ಸಮೇತ ಚೂಪಾಗಿ ಬಂದಿದೆ.

ನಿಮ್ಮ ಕ್ಯಾಮೆರಾದಲ್ಲಿ ಕಸ ಕಂಡರೆ ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಉಫ್ ಎಂದು ಊದಬೇಡಿ, ಉಗುಳು ಹಾರುತ್ತದೆ. ಡಬ್ಬಿಯ ಗಾಳಿಯೂ ಬೇಡ, ಅದರ ದ್ರವ ಒಳಗೆ ಚಿಮ್ಮಬಹುದು. ಮೆಟ್ರೋ ಕೆಲಸದಂಥ ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಸೆನ್ಸರ್‌ಗೆ ಗಾಳಿ ಹೊಡೆಯುವಾಗ ಬ್ಯಾಟರಿ ತುಂಬಿರಲಿ, ನಡುವೆ ಸತ್ತರೆ ಶಟರ್ ಮುಚ್ಚಿ ಬ್ಲೋವರಿನ ಮೂತಿಗೆ ಸಿಗುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್.

ಬಾವನವರು ಇವತ್ತಿಗೂ “ಕ್ಲೀನ್ ತಾನೆ ಮಾಡಿದ್ದು” ಅನ್ನುತ್ತಾರೆ. ಅಕ್ಕನ ಮುಖ ನೋಡಿ ಸುಮ್ಮನಿದ್ದೇನೆ. ಇನ್ನೊಂದು ಇಇ-ಎಸ್ ಸ್ಕ್ರೀನ್ ಹುಡುಕುತ್ತಿದ್ದೇನೆ. ಸಿಕ್ಕ ದಿನ ಅದರ ದುಡ್ಡನ್ನು ಅವರಿಂದಲೇ ಕೇಳುತ್ತೇನೆ.