ಡಬ್ಬಿ, ಬಾಟಲಿ ಮತ್ತು ಬಾಣಂತಿಯ ಹಕ್ಕು

ಔಷಧಿ ಅಂಗಡಿಯಲ್ಲಿ ಹಸುಗೂಸಿನ ಹಾಲಿನ ಪುಡಿಯ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಪಕ್ಕದ ಡೈಪರ್ ಪೊಟ್ಟಣದ ಮೇಲೆ ಗುಂಡುಕೆನ್ನೆಯ ಮಗು ನಗುತ್ತಿರುತ್ತದೆ. ಈ ಡಬ್ಬಿಯ ಮೇಲೆ ಮಾತ್ರ ಮಗುವೂ ಇಲ್ಲ, ತಾಯಿಯೂ ಇಲ್ಲ. ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಎಂಬ ಸೂಚನೆ ದಪ್ಪಕ್ಷರದಲ್ಲಿರುತ್ತದೆ. ತನ್ನ ಸರಕಿಗಿಂತ ಒಳ್ಳೆಯದು ಬೇರೆ ಇದೆ ಎಂದು ಯಾವ ಕಂಪನಿಯೂ ತಾನಾಗಿ ಅಚ್ಚು ಹಾಕಿಸುವುದಿಲ್ಲ. ಹಾಗೆ ಬರೆಸಿದ್ದು 1992ರ ಕಾಯ್ದೆ. ಶಿಶು ಹಾಲಿನ ಬದಲಿಗಳು, ಹಾಲಿನ ಬಾಟಲಿಗಳು ಮತ್ತು ಶಿಶು ಆಹಾರಗಳನ್ನು ನಿಯಂತ್ರಿಸುವ ಈ ಕಾಯ್ದೆಯನ್ನು ಐಎಂಎಸ್ ಕಾಯ್ದೆ ಎಂದು ಕರೆಯುವುದು ರೂಢಿ.

ಎದೆಹಾಲಿನ ಬದಲಿಗಳ ಮಾರಾಟ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 1981ರ ಸಂಹಿತೆಯ ಜಾಡಿನಲ್ಲಿ ಬಂದ ಈ ಕಾಯ್ದೆ 1993ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಆರು ತಿಂಗಳ ನಂತರ ಕೊಡುವ ಡಬ್ಬಿಯ ಧಾನ್ಯದ ಪುಡಿ, ಯಾವುದಕ್ಕೂ ಜಾಹೀರಾತು ಕೊಡುವಂತಿಲ್ಲ. ಟಿವಿ, ಪತ್ರಿಕೆ, ಮೊಬೈಲು ಎಂಬ ವಿನಾಯಿತಿ ಇಲ್ಲ. ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಮಾರಾಟ ಹೆಚ್ಚಿಸಲು ಗರ್ಭಿಣಿಯನ್ನೋ ಬಾಣಂತಿಯನ್ನೋ ಸಂಪರ್ಕಿಸುವಂತಿಲ್ಲ. ವೈದ್ಯರ ಸಂಘದ ಸಮ್ಮೇಳನಕ್ಕೆ ಕಂಪನಿ ಹಣ ಹಾಕುವುದೂ ಅಪರಾಧ. ಆಸ್ಪತ್ರೆಯ ಗೋಡೆಗೆ ಇಂಥ ಪೋಸ್ಟರ್ ಅಂಟಿಸುವಂತಿಲ್ಲ.

ಹಾಗಿದ್ದರೂ ಡಬ್ಬಿ ಮನೆಗೆ ಬರುವುದು ಬಹುಪಾಲು ಆಸ್ಪತ್ರೆಯ ದಾರಿಯಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಶೇಕಡಾ 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇಕಡಾ 41.8 ಮಾತ್ರ. ಡಾಕ್ಟರು, ನರ್ಸು, ಮಂಚ ಎಲ್ಲ ಇದ್ದೂ ಅರ್ಧಕ್ಕಿಂತ ಹೆಚ್ಚು ಕೂಸುಗಳು ಆ ಗಂಟೆಯಲ್ಲಿ ತಾಯಿಯ ಎದೆಯಿಂದ ದೂರವೇ ಇರುತ್ತವೆ. ಸಿಸೇರಿಯನ್ ಆಗಿದೆ, ಅಮ್ಮನಿಗೆ ಸುಸ್ತು, ಹಾಲು ಇನ್ನೂ ಇಳಿದಿಲ್ಲ ಎನ್ನುತ್ತಲೇ ಹೊರಗೆ ಕಾಯುತ್ತಿರುವ ಅಪ್ಪನ ಕೈಗೊಂದು ಚೀಟಿ ಬರುತ್ತದೆ. ಅದರಲ್ಲಿ ಡಬ್ಬಿಯ ಬ್ರ್ಯಾಂಡ್ ಹೆಸರೂ ಇರುತ್ತದೆ. ಗಾಬರಿಯಲ್ಲಿರುವ ಅವನು ಓಡಿಹೋಗಿ ತರುತ್ತಾನೆ. ಮೊದಲ ಒಂದೆರಡು ದಿನ ಬರುವ ಹಳದಿ ಗಿಣ್ಣುಹಾಲು ಕೆಲವೇ ಚಮಚವಾದರೂ ಸಾಮಾನ್ಯವಾಗಿ ಆರೋಗ್ಯವಂತ ಕೂಸಿಗೆ ಅಷ್ಟೇ ಸಾಕು ಎಂದು ಹೇಳುವವರು ಆ ಹೊತ್ತಿನಲ್ಲಿ ಹತ್ತಿರ ಇರುವುದಿಲ್ಲ.

ಇಂಥ ಕಡೆ ಜಗಳ ಬೇಡ, ಪ್ರಶ್ನೆ ಸಾಕು. ‘ಸಿಸ್ಟರ್, ಮೇಲುಹಾಲು ಯಾಕೆ ಬೇಕು? ಕಾರಣವನ್ನು ಕೇಸ್ ಶೀಟಿನಲ್ಲಿ ಬರೆಯುತ್ತೀರಾ?’ ಎಂದು ಕೇಳಿ. ಸಕ್ಕರೆ ಅಂಶ ಇಳಿದಿದೆ, ಅವಧಿಗೆ ಮೊದಲೇ ಹುಟ್ಟಿದೆ ಎಂಬಂಥ ನಿಜವಾದ ಕಾರಣವಿದ್ದರೆ ಅವರು ಬರೆಯುತ್ತಾರೆ. ಆಗ ಹಟ ಮಾಡಬಾರದು, ಕೊಡಲೇಬೇಕು. ಕಾರಣ ಇಲ್ಲದಿದ್ದರೆ ಕೂಸನ್ನು ಎದೆಗೆ ಹಿಡಿಸಲು ಯಾರಾದರೂ ಪಕ್ಕದಲ್ಲಿ ಕೂರಲಿ ಎಂದು ಕೇಳಿ. ದಾಖಲೆಯ ಪ್ರತಿ ಬೇಕಾದರೆ ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ.

ಈ ಕಾಯ್ದೆ ಕಟ್ಟಿಹಾಕಿರುವುದು ಮಾರುವವರ ಕೈಯನ್ನು. ಡಬ್ಬಿ ಹಾಲು ಕೊಟ್ಟಳೆಂದು ತಾಯಿಯನ್ನು ಪ್ರಶ್ನಿಸುವ ಒಂದು ಸಾಲೂ ಅದರಲ್ಲಿ ಇಲ್ಲ. ಆ ಕೆಲಸವನ್ನು ನೆಂಟರಿಷ್ಟರು ಸಂಬಳವಿಲ್ಲದೆ ಮಾಡುತ್ತಾರೆ. ಕಾಯಿಲೆಯಿಂದಲೋ ಔಷಧಿಯಿಂದಲೋ ಎದೆಹಾಲು ಕೊಡಲಾಗದವರು, ದತ್ತು ಪಡೆದವರು, ಎಲ್ಲ ತಿಳಿದೂ ಬೇರೆ ದಾರಿ ಆರಿಸಿಕೊಂಡವರು ಇದ್ದಾರೆ. ಇವರಿಗೆ ಪುಡಿ ಕಲಸುವ ಕ್ರಮವನ್ನು ತೋರಿಸಿಕೊಡಬೇಕಾದವರು ಆರೋಗ್ಯ ಕಾರ್ಯಕರ್ತರು, ಕಂಪನಿಯ ಪ್ರತಿನಿಧಿ ಅಲ್ಲ. ತಪ್ಪಾಗಿ ಬಳಸಿದರೆ ಆಗುವ ಅಪಾಯವನ್ನೂ ಅವರು ವಿವರಿಸಬೇಕು. ಎದೆಹಾಲು ಕೊಡಲಾಗದೆ, ಕೊಳ್ಳಲೂ ಶಕ್ತಿಯಿಲ್ಲದ ತಾಯಿಗೆ ಆಸ್ಪತ್ರೆಯೇ ಪುಡಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ಎದೆಹಾಲು ಬ್ಯಾಂಕಿನಂಥ ಕಡೆ ದಾನಿಗಳ ಹಾಲು ಸಿಗುತ್ತದೆ. ಆದರೆ ಆನ್‌ಲೈನಿನಲ್ಲಿ ಎದೆಹಾಲು ಮಾರುವವರಿಂದ ದೂರವಿರಿ. ಅದರ ವ್ಯಾಪಾರಕ್ಕೆ ಅನುಮತಿಯೇ ಇಲ್ಲವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ.

ಉಲ್ಲಂಘನೆ ಕಂಡರೆ? ಪೋಸ್ಟರ್, ಉಡುಗೊರೆ ಚೀಲ, ಸ್ಯಾಂಪಲ್, ಬ್ರ್ಯಾಂಡ್ ಬರೆದ ಚೀಟಿ, ಮೊಬೈಲಿಗೆ ಬಂದ ಸಂದೇಶ, ಏನೇ ಇರಲಿ, ಫೋಟೋ ತೆಗೆದುಕೊಳ್ಳಿ. ದಿನಾಂಕ, ಜಾಗ, ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ ಬರೆದಿಡಿ. ಜನಸಾಮಾನ್ಯರು ನೇರವಾಗಿ ಕೋರ್ಟಿಗೆ ಹೋಗಿ ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಆಗುವುದಿಲ್ಲ. ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೋ ಗೆಜೆಟ್‌ನಲ್ಲಿ ಹೆಸರಿಸಿದ ಸ್ವಯಂಸೇವಾ ಸಂಸ್ಥೆಯೋ ಬರೆದ ದೂರನ್ನು ಮಾತ್ರ ಕೋರ್ಟು ಪರಿಗಣಿಸುತ್ತದೆ. ಹಾಗಾಗಿ ನಿಮ್ಮ ದೂರು ಆಹಾರ ಸುರಕ್ಷತಾ ಅಧಿಕಾರಿಗೆ ಹೋಗಲಿ, ಪ್ರತಿ ಬಿಪಿಎನ್‌ಐ ಎಂಬ ಸಂಸ್ಥೆಗೆ ಹೋಗಲಿ. ಹೀಗೆ ದೂರು ಕೊಡುವ ಅಧಿಕಾರ ಅದಕ್ಕಿದೆ. ಸ್ವೀಕೃತಿ ಪಡೆಯಲು ಮರೆಯಬೇಡಿ. ಜಾಹೀರಾತು, ಸ್ಯಾಂಪಲ್ ಮುಂತಾದವಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೋಟಿಗಟ್ಟಲೆ ವಹಿವಾಟಿಗೆ ಐದು ಸಾವಿರದ ದಂಡ ಯಾವ ಲೆಕ್ಕ! ಲೇಬಲ್ ನಿಯಮ ಮುರಿದರೆ ಮಾತ್ರ ಕನಿಷ್ಠ ಆರು ತಿಂಗಳ ಜೈಲಿದೆ.

ಇನ್ನು ಕೆಲಸಕ್ಕೆ ಮರಳುವ ತಾಯಿಯ ವಿಷಯ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ರಜೆ ಮುಗಿದ ಮೇಲಿನ ಹಕ್ಕು ಗೊತ್ತಿರುವವರು ಕಡಿಮೆ: ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮದ ಹೊರತಾಗಿ, ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು. ಈ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿ, ಜ್ವರ ಏರುತ್ತಿದ್ದರೂ ಮೀಟಿಂಗ್ ಮುಗಿಯಲೆಂದು ಹಲ್ಲು ಕಚ್ಚಿ ಕೂರುವ ಹೆಣ್ಣುಮಗಳು ತನಗೆ ಹಕ್ಕಾಗಿ ಬಂದ ಬಿಡುವನ್ನು ಬಿಟ್ಟುಕೊಡುತ್ತಿದ್ದಾಳೆ. ಮೊದಲು ಇಮೇಲಿನಲ್ಲೇ ಕೇಳಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ದೆಹಲಿ ಪಾಲಿಕೆಯ ಮಹಿಳಾ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಹಾಲುಣಿಸುವುದನ್ನು ಹಕ್ಕಿನ ಭಾಷೆಯಲ್ಲಿ ನೇರವಾಗಿ ಹೇಳಿದ್ದು ನಮ್ಮದೇ ಕರ್ನಾಟಕ ಹೈಕೋರ್ಟ್. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿ ಇನ್ನೊಂದು ಮನೆಯಲ್ಲಿ ಬೆಳೆಯುತ್ತಿದ್ದ ಕೂಸಿನ ಪ್ರಕರಣ ಅದು. 2021ರಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಹಾಲುಣಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಹಾಲು ಕುಡಿಯುವ ಕೂಸಿನ ಹಕ್ಕೂ ಅದರೊಂದಿಗೆ ಸೇರಿದೆ, ಸಂವಿಧಾನದ 21ನೇ ವಿಧಿಯ ರಕ್ಷಣೆ ಇದಕ್ಕಿದೆ ಎಂದು ಹೇಳಿ ಮಗುವನ್ನು ಹೆತ್ತ ತಾಯಿಗೇ ಉಳಿಸಿದರು. 2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪಿ.ಬಿ. ವರಾಳೆ ಅವರ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೊಠಡಿ ಇರುವಂತೆ ನೋಡಿಕೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಸಾರ್ವಜನಿಕ ಜಾಗದಲ್ಲಿ ಹಾಲುಣಿಸುವುದಕ್ಕೆ ಕಳಂಕ ಹಚ್ಚಬಾರದೆಂದೂ ಹೇಳಿತು. ಬಸ್ ನಿಲ್ದಾಣದಲ್ಲಿ ಕೊಠಡಿಗೆ ಬೀಗ ಬಿದ್ದಿದ್ದರೆ ನಿಲ್ದಾಣಾಧಿಕಾರಿಗೆ ಲಿಖಿತ ದೂರು ಕೊಡುವಾಗ ಈ ಆದೇಶದ ಹೆಸರು ಹೇಳಿ.

ಹೊಲ, ಇಟ್ಟಿಗೆ ಗೂಡು, ಮನೆಗೆಲಸಗಳಲ್ಲಿ ದುಡಿಯುವ ಬಹುತೇಕರಿಗೆ ಈ 26 ವಾರ ಸಿಗುವುದೇ ಇಲ್ಲ. ಅವರ ಪಾಲಿಗಿರುವುದು 2013ರ ಆಹಾರ ಭದ್ರತಾ ಕಾಯ್ದೆ: ಗರ್ಭಿಣಿಯಾದಾಗಿನಿಂದ ಹೆರಿಗೆಯ ನಂತರದ ಆರು ತಿಂಗಳವರೆಗೆ ಅಂಗನವಾಡಿಯ ಉಚಿತ ಊಟ. ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಹೆಸರಿನ ಬಿಸಿಯೂಟ ಅದೇ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಬಾಗಿಲು ತೆರೆದಿದೆಯೇ ಎಂದು ಪಿಡಿಒ ಅವರನ್ನು ಗ್ರಾಮಸಭೆಯಲ್ಲೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.