ಸೈಕಲ್ ಎಲ್ಲಿ ನಿಲ್ಲಿಸಬೇಕು

ಕುಷ್ಠದ ಮಚ್ಚೆ ನೋಡಲು ಬಿಸಿಲಿನ ಬೆಳಕೇ ಬೇಕು. ಬಲ್ಬಿನ ಹಳದಿ ಬೆಳಕಿನಲ್ಲಿ ತಿಳಿಬಣ್ಣದ ಮಚ್ಚೆ ಕಣ್ಣಿಗೆ ಸಿಗುವುದೇ ಇಲ್ಲ. ಹಾಗಾಗಿ ನಮ್ಮ ಸರ್ವೆ ಬೆಳಗಿನ ಹೊತ್ತಿಗೇ ನಡೆಯಬೇಕಿತ್ತು, ಅದೂ ಜನ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಡುವ ಮುಂಚೆ. ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಈ ಎರಡರ ನಡುವೆ ಸಿಗುವ ಸಮಯ ಬಹಳ ಕಡಿಮೆ. ತುಂಗಭದ್ರಾ ಕಾಲುವೆಯ ಊರುಗಳಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ಹೆಣ್ಣುಮಕ್ಕಳು ನಸುಕಿನಲ್ಲೇ ಟ್ರ್ಯಾಕ್ಟರ್ ಏರಿಬಿಡುತ್ತಿದ್ದರು. ಆಗ ಗದ್ದೆಯ ಬದುವೇ ನಮ್ಮ ದವಾಖಾನೆ.

1990ರ ದಶಕದ ಆರಂಭದಲ್ಲಿ ನಾನು ಕುಷ್ಠರೋಗ ವಿಭಾಗಕ್ಕೆ ಪ್ಯಾರಾಮೆಡಿಕಲ್ ವರ್ಕರ್ ಆಗಿ ಸೇರಿದೆ. ಸೇವೆಯ ಹಂಬಲವೇನೂ ಇರಲಿಲ್ಲ. ಕರೆ ಬಂದದ್ದು ಅದೊಂದೇ ನೌಕರಿಗೆ, ಮನೆಯಲ್ಲಿ ಸಾಲವಿತ್ತು. ತರಬೇತಿ ಕೇಂದ್ರದ ಗೋಡೆಯ ಮೇಲೆ ಗಾಂಧೀಜಿ ಸೇವಾಗ್ರಾಮದಲ್ಲಿ ಕುಷ್ಠರೋಗಿಯಾಗಿದ್ದ ಪರಚುರೆ ಶಾಸ್ತ್ರಿಗಳ ಆರೈಕೆ ಮಾಡುತ್ತಿರುವ ಚಿತ್ರ ಇತ್ತು. ನೋಡಿ ಕೈಮುಗಿಯುತ್ತಿದ್ದೆವು. ಆದರೆ ಚಿತ್ರ ನೋಡಿ ಕೆಲಸ ಬರುವುದಿಲ್ಲ. ನನಗೆ ಕೆಲಸ ಕಲಿಸಿದವರು ನಮ್ಮ ಸೂಪರ್‌ವೈಸರ್. ಆಫೀಸಿನಲ್ಲಿ ಜವಾನನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಅವರು ಕಲಿಸಿದ ಮೊದಲ ಪಾಠಕ್ಕೂ ವೈದ್ಯಕ್ಕೂ ಸಂಬಂಧವಿಲ್ಲ. ಒಂದು ಹಳ್ಳಿಯಲ್ಲಿ ನಾನು ರೋಗಿಯ ಮನೆಯ ಮುಂದೆ ಸೈಕಲ್ ಸ್ಟ್ಯಾಂಡ್ ಹಾಕುತ್ತಿದ್ದೆ. ಕಾಕಾ ಹ್ಯಾಂಡಲ್ ಹಿಡಿದು ತಡೆದರು. "ತಮ್ಮಾ, ನಮ್ಮ ಸೈಕಲ್ ಯಾರ ಮನಿ ಮುಂದ ನಿಂತೈತೋ ಆ ಮನ್ಯಾಗ ದೊಡ್ಡರೋಗ ಐತಿ ಅಂತ ಊರು ತಿಳಕೋತೈತಿ. ಅಗಸಿ ಹತ್ರ ಬೇವಿನಗಿಡದ ಕೆಳಗ ನಿಲ್ಸಿ ಬಾ." ಆಮೇಲೆ ಓಣಿಯ ಉದ್ದಕ್ಕೂ ನಡೆದೆವು. ಒಂದು ಮನೆಯಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಿದಿರಾ ಎಂದು ಕೇಳಿದರು. ಇನ್ನೊಂದರಲ್ಲಿ ನೀರು ಕುಡಿದರು. ಮತ್ತೊಂದರ ಕಟ್ಟೆಯ ಮೇಲೆ ಕೂತು ಮಳೆ ಬೆಳೆ ಮಾತಾಡಿದರು. ಈ ಮನೆಗಳ ನಡುವೆ ಎಲ್ಲೋ ನಮ್ಮ ರೋಗಿಯ ಮನೆಯೂ ಮುಗಿದುಹೋಗಿತ್ತು. ಯಾರಿಗಾಗಿ ಬಂದಿದ್ದೆವೆಂದು ಓಣಿಗೆ ಗೊತ್ತಾಗಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ. ಆ ಅರ್ಧ ದಿನಕ್ಕೆ ಇಲಾಖೆಯ ಯಾವ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ.

ಅವರ ಒಳ್ಳೆಯತನವೆಲ್ಲ ಇಂಥ ಏರ್ಪಾಡುಗಳಲ್ಲೇ ಇತ್ತು. ಮರುಕದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಜನವರಿ 30ಕ್ಕೆ ಕುಷ್ಠರೋಗ ದಿನವೆಂದು ದೊಡ್ಡವರು ಬಂದು, ಬಾಳೆಹಣ್ಣು, ಬ್ರೆಡ್ಡು ಹಂಚಿ, ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಕಾಕಾ ಔಷಧದ ಲೆಕ್ಕ ಬರೆಯುವ ನೆಪ ಹೇಳಿ ಒಳಗೆ ಕೂತಿರುತ್ತಿದ್ದರು.

ಮೈ ಪರೀಕ್ಷೆಯಲ್ಲೂ ಅವರದೊಂದು ಕ್ರಮ. ಮಚ್ಚೆಗೆ ಸ್ಪರ್ಶ ಗೊತ್ತಾಗುತ್ತದೋ ಇಲ್ಲವೋ ನೋಡಲು ಬಾಲ್‌ಪೆನ್ನಿನ ತುದಿಯಿಂದ ಹಗುರವಾಗಿ ಮುಟ್ಟುತ್ತೇವೆ. ರೋಗಿ ಕಣ್ಣು ಮುಚ್ಚಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಬೇಕು. ಕಾಕಾ ಮೊದಲು ತಮ್ಮ ಮುಂಗೈ ಮೇಲೆ ಮುಟ್ಟಿ ತೋರಿಸುತ್ತಿದ್ದರು. ಆಮೇಲೆ ರೋಗಿಯ ಚೆನ್ನಾಗಿರುವ ಚರ್ಮದ ಮೇಲೆ, ಕಣ್ಣು ತೆರೆದಿರುವಾಗಲೇ. ಹೆದರಿಕೆ ಹೋದ ಮೇಲಷ್ಟೇ ಮಚ್ಚೆಯ ಸರದಿ. ಮೊಣಕೈಯ ಹಿಂದೆ ಹಾದುಹೋಗುವ ನರ ದಪ್ಪವಾಗಿದೆಯೋ ಎಂದು ಬೆರಳಿನಿಂದ ತಡವಿ ನೋಡಬೇಕಲ್ಲ, ಆಗ ನಾನು ಮೊಣಕೈಯನ್ನೇ ದಿಟ್ಟಿಸುತ್ತಿದ್ದೆ. "ಮಾರಿ ನೋಡು" ಎನ್ನುತ್ತಿದ್ದರು. ನೋವಾದರೆ ಮೊದಲು ತಿಳಿಯುವುದು ಮುಖದಲ್ಲಿ. ನರಕ್ಕೆ ನೋವಿದ್ದರೆ ರೋಗ ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ, ತಡ ಮಾಡಿದರೆ ಬೆರಳು ಮಡಚಿಕೊಳ್ಳುತ್ತವೆ. ಇದು ಪುಸ್ತಕದಲ್ಲೂ ಇದೆ. ಆದರೆ ಅವರು ಹೇಳಿದ ಮೇಲೆ ನಾನು ರೋಗಿಗಳ ಮುಖ ನೋಡಿ ಮಾತಾಡತೊಡಗಿದೆ.

ಕಾಕಾ ಡ್ಯಾಪ್ಸೋನ್ ಒಂದೇ ಇದ್ದ ಕಾಲದವರು. ವರ್ಷಗಟ್ಟಲೆ, ಕೆಲವರಿಗೆ ಜೀವನವಿಡೀ ನುಂಗಿಸಬೇಕಿದ್ದ ಗುಳಿಗೆ ಅದು. ಕೊನೆಕೊನೆಗೆ ರೋಗಾಣು ಅದಕ್ಕೆ ಬಗ್ಗದಾಯಿತು. 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಶುರುವಾಗಿ ಎಂ.ಡಿ.ಟಿ., ಅಂದರೆ ಬಹುವಿಧ ಔಷಧ ಚಿಕಿತ್ಸೆ, ಹಂತಹಂತವಾಗಿ ಜಿಲ್ಲೆಗಳಿಗೆ ಬಂತು. ರೋಗಾಣು ಕಡಿಮೆ ಇದ್ದವರಿಗೆ 6 ತಿಂಗಳು, ಹೆಚ್ಚಿದ್ದವರಿಗೆ ಮೊದಲು 2 ವರ್ಷ, ಆಮೇಲೆ 12 ತಿಂಗಳು. 28 ದಿನದ ಗುಳಿಗೆಗಳ ಪಟ್ಟಿ. ತಿಂಗಳ ಮೊದಲ ಡೋಸನ್ನು ನಮ್ಮ ಮುಂದೆಯೇ ನುಂಗಬೇಕು.

ಔಷಧ ಒಳ್ಳೆಯದೇ, ಹೇಳದೆ ಕೊಟ್ಟರೆ ಕೆಲಸ ಕೆಡುತ್ತದೆ. ಆ ಪಟ್ಟಿಯಲ್ಲಿನ ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ. ರಕ್ತ ಹೋಯಿತೆಂದು ಹೆದರಿ ಉಳಿದ ಗುಳಿಗೆಗಳನ್ನು ಬಾವಿಗೆ ಎಸೆದವರಿದ್ದಾರೆ. ಕ್ಲೋಫಾಜಿಮಿನ್‌ನಿಂದ ಮೈಬಣ್ಣ ಕಪ್ಪಾಗುತ್ತದೆ. ನಡುವೆ ಕೆಲವರಿಗೆ ರಿಯಾಕ್ಷನ್ ಬಂದು ಮಚ್ಚೆಗಳು ಕೆಂಪಗೆ ಊದಿ, ನರಗಳು ಸೆಳೆಯುತ್ತವೆ. ಆಗಲೇ ಔಷಧ ಬಿಡುವವರು ಹೆಚ್ಚು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕಪ್ಪಾಗುತ್ತಿದ್ದಾಳೆಂದು ಅತ್ತೆ ತವರಿಗೆ ಕಳಿಸಲು ಸಿದ್ಧಳಾಗಿದ್ದಳು. ಕಾಕಾ ತಮ್ಮ ಹೆಂಡತಿಯನ್ನು ಕರೆದುಕೊಂಡು ಹೋದರು. ಆ ತಾಯಿ ಅತ್ತೆಯ ಜೊತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಔಷಧ ಮುಗಿದ ಕೆಲವು ತಿಂಗಳಿಗೆ ಬಣ್ಣ ಮರಳುತ್ತದೆಂದು ಹೇಳಿದರು. ಕಾಕಾ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದರು. ಹುಡುಗಿ ಗಂಡನ ಮನೆಯಲ್ಲೇ ಉಳಿದಳು.

ಸುಗ್ಗಿ ಮುಗಿದರೆ ನಮ್ಮ ಕಡೆಯ ಒಣಭೂಮಿಯ ಊರುಗಳು ಗುಳೆ ಹೋಗುತ್ತವೆ. ಬೆಂಗಳೂರು, ಪುಣೆ, ಗೋವಾ, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ. ಔಷಧ ನಡುವೆ ನಿಲ್ಲುವುದು ಹೆಚ್ಚಾಗಿ ಆಗಲೇ. ಕಾಕಾ ಗುಳೆ ಹೋಗುವವರ ಗಂಟಿನಲ್ಲಿ ಮುಂದಿನ ತಿಂಗಳುಗಳ ಔಷಧವನ್ನೂ ಕಟ್ಟಿ ಕೊಡುತ್ತಿದ್ದರು, ಹೋದ ಕಡೆ ವಿಳಾಸ ಸಿಕ್ಕರೆ ಕಾಗದ ಬರೆಯುತ್ತಿದ್ದರು. ಯಾವಾಗಲೂ ಇನ್‌ಲ್ಯಾಂಡ್ ಲೆಟರ್, ಪೋಸ್ಟ್‌ಕಾರ್ಡ್ ಎಂದೂ ಅಲ್ಲ. ಪೋಸ್ಟ್‌ಕಾರ್ಡನ್ನು ಅಂಚೆಯವನೂ ಓದುತ್ತಾನೆ, ಶೆಡ್ಡಿನ ಪಕ್ಕದವನೂ ಓದುತ್ತಾನೆ. ಒಳಗೂ ರೋಗದ ಹೆಸರಿರುತ್ತಿರಲಿಲ್ಲ: "ಬೀಜ ಮುಗಿದಿದ್ದರೆ ತಿಳಿಸು, ಕಳಿಸುತ್ತೇನೆ."

ಕಾಲಿನ ಸ್ಪರ್ಶ ಹೋದವರಿಗೆ ಸರ್ಕಾರ ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಕೊಡುತ್ತದೆ. ಮುಳ್ಳು ಚುಚ್ಚಿದರೂ ತಿಳಿಯದ ಪಾದಕ್ಕೆ ಅದು ಬೇಕೇ ಬೇಕು. ತೊಂದರೆಯೆಂದರೆ ಅದು ಎಲ್ಲರ ಚಪ್ಪಲಿಯಂತೆ ಇರುತ್ತಿರಲಿಲ್ಲ, ದೂರದಿಂದಲೇ ಗುರುತು ಸಿಗುತ್ತಿತ್ತು. ಜನ ಅದನ್ನು ಅಟ್ಟಕ್ಕೆ ಎಸೆದು ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಿದ್ದರು. ಕಾಕಾ ಸಂತೆಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ಕೂತು, ಅಡಿಗೆ ಆ ರಬ್ಬರು, ಮೇಲೆ ಎಲ್ಲರೂ ಮೆಟ್ಟುವಂಥ ಪಟ್ಟಿ ಹಾಕಿಸಿದರು. ಪಟ್ಟಿಯ ದುಡ್ಡು ಅವರ ಜೇಬಿನದೇ. ಅಟ್ಟದ ಚಪ್ಪಲಿಗಳು ಕೆಳಗಿಳಿದವು.

ಅಂಥದೇ ಒಂದು ಏರ್ಪಾಡು ನನ್ನ ಪಾಲಿಗೂ ಬಂತು. ನನಗೆ ನೋಡಿದ ಹೆಣ್ಣಿನ ಕಡೆಯವರು ಮಾತು ಮುರಿದರು. ದೊಡ್ಡರೋಗದವರನ್ನು ಮುಟ್ಟುವವನಿಗೆ ಮಗಳನ್ನು ಹೇಗೆ ಕೊಡುವುದು ಎಂಬ ಪ್ರಶ್ನೆ. ನಮ್ಮ ಅವ್ವನೇ ನನ್ನ ತಾಟು ಬೇರೆ ಇಡುತ್ತಿದ್ದಳು, ಬೀಗರನ್ನು ಬಯ್ಯುವುದು ಹೇಗೆ? ನಾನು ಯಾರಿಗೂ ಹೇಳಿರಲಿಲ್ಲ. ಕಾಕಾಗೆ ಹೇಗೋ ಗೊತ್ತಾಗಿತ್ತು. ಮೊದಲು ನಮ್ಮ ಮನೆಗೆ ಬಂದು ನನ್ನ ತಾಟಿನಲ್ಲೇ ಹಚ್ಚಿಸಿಕೊಂಡು ಉಂಡರು. ಆಮೇಲೆ ಹೆಣ್ಣಿನ ಊರಿಗೆ ಹೋಗಿ, ಹಿರಿಯರ ಮುಂದೆ ಎರಡೂ ಅಂಗೈ ಚಾಚಿದರು. "ಈ ಕೈ ಎಷ್ಟು ಮಂದೀನ ಮುಟ್ಯಾವು ಲೆಕ್ಕ ಇಲ್ರಿ. ನೋಡ್ರಿ, ಏನಾಗೈತಿ?" ಈ ರೋಗಾಣುವಿಗೆ ನೂರಕ್ಕೆ ತೊಂಬತ್ತೈದು ಜನರ ಮೈಯಲ್ಲಿ ಹುಟ್ಟಿನಿಂದಲೇ ತಡೆ ಇದೆ, ಔಷಧ ಶುರುವಾದರೆ ರೋಗಿಯಿಂದ ಹರಡುವುದೂ ಬೇಗನೆ ನಿಲ್ಲುತ್ತದೆ ಎಂಬುದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಆ ಎರಡು ಅಂಗೈಗಳಷ್ಟು ಯಾವ ಸಭೆಯೂ ನಂಬಿಸಿಲ್ಲ. ಆ ವರ್ಷವೇ ಮದುವೆಯಾಯಿತು. ಬೇರೆ ಇಲಾಖೆಗೆ ಹೋಗುವ ಅರ್ಜಿ ಬರೆದಿಟ್ಟಿದ್ದೆ, ಅದನ್ನು ಕೊಡಲಿಲ್ಲ.

ಕಾಕಾ ನಿವೃತ್ತರಾದ ಮೇಲೆ ಕುಷ್ಠ ವಿಭಾಗದ ಕೆಲಸ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿತು. 2005ರ ಡಿಸೆಂಬರ್ ಹೊತ್ತಿಗೆ ದೇಶದಲ್ಲಿ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿದೆವು. ಅದು ದೊಡ್ಡ ಸಾಧನೆಯೇ, ನಮ್ಮಂಥವರ ಸೈಕಲ್ ತುಳಿತವೂ ಅದರಲ್ಲಿದೆ. ಆದರೆ ಅದು ದೇಶದ ಸರಾಸರಿ. ಕೇಳಿದವರು ರೋಗವೇ ಹೋಯಿತೆಂದುಕೊಂಡರು, ಮನೆಮನೆ ಸರ್ವೆ ಸಡಿಲವಾಯಿತು. ಇವತ್ತಿಗೂ ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಮಕ್ಕಳಲ್ಲಿ ಕಾಣಿಸುತ್ತಿದೆ ಎಂದರೆ ಸೋಂಕು ಇನ್ನೂ ಓಡಾಡುತ್ತಿದೆ ಎಂದೇ ಲೆಕ್ಕ.

ಕಾನೂನು ತಡವಾಗಿಯಾದರೂ ಬದಲಾಗಿದೆ. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಲಮುಗಳು ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ಊರಿನ ಬಾಯಿ ಮಾತ್ರ ಅಷ್ಟು ಸುಲಭಕ್ಕೆ ತಿದ್ದುಪಡಿಯಾಗುವುದಿಲ್ಲ.

ನಿವೃತ್ತಿಯ ನಂತರ ನಾನು ಹೆಚ್ಚಾಗಿ ಮಾಡುತ್ತಿರುವುದು ಕಾಗದಪತ್ರದ ಕೆಲಸ. ಹಳೆಯ ರೋಗಿಗಳಿಗೆ ರೋಗ ಎಂದೋ ವಾಸಿಯಾಗಿದೆ, ಬೆರಳು ಸವೆದಿವೆ. ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಒಬ್ಬ ಅಜ್ಜಿಯನ್ನು ಒಂದು ಅಂಗಡಿಯಲ್ಲಿ ಮತ್ತೆ ಮತ್ತೆ ವಾಪಸ್ ಕಳಿಸುತ್ತಿದ್ದರು. ಹೆಬ್ಬೆಟ್ಟು ಬಾರದವರಿಗೆ ಕಣ್ಣಿನ ಪಾಪೆಯ ಗುರುತು ಇದೆ, ಆಧಾರ್‌ನಲ್ಲಿ ಬಯೋಮೆಟ್ರಿಕ್ ವಿನಾಯಿತಿಯೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಕುಷ್ಠ ವಾಸಿಯಾದವರ ಹೆಸರೂ ಇದೆ. ಇದನ್ನು ಅಂಗಡಿಯವನಿಗೆ ಜಗಳವಾಡದೆ ಹೇಳಬೇಕು, ಜನ ಕೂಡಿರುವಾಗ ಹೇಳಬಾರದು. ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಅಜ್ಜಿಯನ್ನು ಕೂರಿಸಿ, ಚಹಾ ತರಿಸಿ ಹೇಳಿದೆ. ಆ ತಿಂಗಳ ಅಕ್ಕಿ ಸಿಕ್ಕಿತು.

ಈಗಿನ ಆಶಾ ಕಾರ್ಯಕರ್ತೆಯರಿಗೆ ನನ್ನದೊಂದು ಕೋರಿಕೆ: ರೋಗಿಯ ಹೆಸರನ್ನು ಓಣಿಯಲ್ಲಿ ಕೂಗಿ ಕರೆಯಬೇಡಿ. ಇದನ್ನು ಓದುವ ಉಳಿದವರು ನಾಳೆ ಬೆಳಗ್ಗೆ ಮನೆಯವರ ಬೆನ್ನು, ತೋಳು, ಮಕ್ಕಳ ಕೆನ್ನೆ ಬಿಸಿಲಿಗೆ ಹಿಡಿದು ಒಮ್ಮೆ ನೋಡಿ. ತುರಿಕೆ ಇಲ್ಲದ, ಮುಟ್ಟಿದರೆ ಗೊತ್ತಾಗದ, ತಿಳಿಬಿಳಿ ಅಥವಾ ತಾಮ್ರಬಣ್ಣದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಪರೀಕ್ಷೆಗೂ ದುಡ್ಡಿಲ್ಲ, ಔಷಧಕ್ಕೂ ದುಡ್ಡಿಲ್ಲ.